ಸನ್ನತಿ: ದೇವಿಯ ಪೀಠ, ರಾಜನ ಮಾತು

ಸನ್ನತಿಯ ಚಂದ್ರಲಾಂಬೆ ನಮ್ಮ ಮನೆದೇವರು. ಅವ್ವನಿಗೆ ಉಡಿ ತುಂಬುವ ಹರಕೆ ಇತ್ತು. ನನಗೆ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ ನೋಡುವ ಆಸೆ. ಎರಡೂ ಭೀಮಾ ನದಿಯ ದಂಡೆಯಲ್ಲೇ ಇರುವುದರಿಂದ ಇಬ್ಬರೂ ಕಲಬುರಗಿಯಿಂದ ಒಟ್ಟಿಗೆ ಹೊರಟೆವು. ಶಹಾಬಾದ್, ವಾಡಿ ಕಡೆಯೆಲ್ಲ ಕಲ್ಲಿನ ಗಣಿ, ಸಿಮೆಂಟ್ ಧೂಳು. ಆಮೇಲೆ ಬರೀ ತೊಗರಿ ಹೊಲ.

ಗುಡಿಯಲ್ಲಿ ಕನ್ನಡದಷ್ಟೇ ಮರಾಠಿ, ತೆಲುಗು ಕೇಳುತ್ತಿತ್ತು. ಅವ್ವ ಹಸಿರು ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬಳೆ ಎಲ್ಲ ಜೋಡಿಸಿಕೊಂಡು ಸಾಲಿನಲ್ಲಿ ನಿಂತಳು. ಪರರ ಹೆಂಡತಿಯ ಮೇಲೆ ಕಣ್ಣು ಹಾಕಿದ ಸೇತುರಾಜನ ಮೇಲೆ ದೇವಿ ದುಂಬಿಗಳನ್ನು ಬಿಟ್ಟ ಕಥೆ ನಾನು ಚಿಕ್ಕಂದಿನಿಂದ ಕೇಳಿದ್ದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಕಥೆ.

1986ರಲ್ಲಿ ಇದೇ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆಯಿತು. ಅದರ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅಶೋಕನ ಶಾಸನ! ಮೂರ್ತಿ ಕೂರಿಸಲು ಯಾರೋ ನಡುವೆ ಕೊರೆದಿದ್ದರು. ಆ ತೂತಿನಲ್ಲಿ ಕೆಲವು ಸಾಲು ಹೋಗಿಯೇಬಿಟ್ಟಿವೆ.

ಉಳಿದದ್ದರಲ್ಲಿ ಅಶೋಕನ ಬಂಡೆಗಲ್ಲು ಶಾಸನಗಳ ಸಾಲಿನ 12ನೆಯದೂ ಇದೆ. ಎಲ್ಲ ಪಂಥದವರನ್ನೂ ಗೌರವಿಸಬೇಕು, ಮಾತು ಹಿಡಿತದಲ್ಲಿರಬೇಕು, ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರದ್ದನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಅನ್ನುವುದು ಅದರ ಸಾರ. ಅಂಥ ಮಾತಿನ ಮೇಲೆ ಕಾಳಿ ಕೂತಿದ್ದಳು. ಜನ ಅರಿಶಿನ ಕುಂಕುಮ ಏರಿಸಿ, ಹಣೆ ಮುಟ್ಟಿಸಿ ಹೋಗುತ್ತಿದ್ದರು. ಇದನ್ನು ಕೇಳಿದ ಕೆಲವರಿಗೆ ಸಿಟ್ಟು ಬರುತ್ತದೆ. ನನಗೆ ಬರಲಿಲ್ಲ. ಬ್ರಾಹ್ಮಿಯನ್ನು ಮತ್ತೆ ಓದಲು ಬಂದದ್ದೇ 1837ರಲ್ಲಿ, ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್‌ನಿಂದ. ಅದಕ್ಕೂ ಹಿಂದೆ ಕೊರೆದಿದ್ದರೆ ಆ ಕಲ್ಲುಕುಟಿಗನಿಗೆ ಅದು ಒಳ್ಳೆ ಸಪಾಟಾದ ಬಂಡೆ, ಅಷ್ಟೇ ಅಲ್ವಾ?

ಕನಗನಹಳ್ಳಿಯಲ್ಲಿ ಘಂಟೆಯಿಲ್ಲ, ಕಾಯಿ ಅಂಗಡಿಯಿಲ್ಲ. 1990ರ ದಶಕದಲ್ಲಿ ಅಗೆದು ತೆಗೆದ ಮಹಾಸ್ತೂಪ, ಒಡೆದ ಸುಣ್ಣಕಲ್ಲಿನ ಫಲಕಗಳು. 2022ರಿಂದ ಪುರಾತತ್ವ ಇಲಾಖೆ ಅವನ್ನು ಮರುಜೋಡಿಸಲು ಶುರು ಮಾಡಿತು. ‘ರಾಯ ಅಸೋಕೊ’ ಎಂದು ಹೆಸರು ಕೆತ್ತಿದ ಅಶೋಕನ ಚಿತ್ರ ಸಿಕ್ಕಿದ್ದು ಇಲ್ಲೇ. ಜೊತೆಗೆ ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಧರ್ಮ ಬೋಧಿಸಿದ ರಾಜನಿಗಿಂತ ಮನೆಯಲ್ಲಿರುವ ಗಂಡನ ಹಾಗೆ ಕಾಣುತ್ತಾನೆ. ನನಗೆ ಅದು ಜಾಸ್ತಿ ಹಿಡಿಸಿತು.

ಅವ್ವ ಇನ್ನೊಂದು ಫಲಕದ ಮುಂದೆ ನಿಂತಿದ್ದಳು. ಒಂದು ಆಸನ, ಕೆಳಗೆ ಜೋಡಿ ಪಾದ.

"ಪೀಠ ಅದ, ದೇವ್ರು ಎಲ್ಲ್ಯಾನೋ?"

ಆಗಿನ ಶಿಲ್ಪಿಗಳು ಬುದ್ಧನನ್ನು ಮನುಷ್ಯ ರೂಪದಲ್ಲಿ ಕೆತ್ತದೆ ಖಾಲಿ ಆಸನ, ಪಾದ, ಬೋಧಿವೃಕ್ಷ, ಚಕ್ರಗಳಿಂದಲೇ ತೋರಿಸುತ್ತಿದ್ದರು ಎಂದು ವಿವರಿಸಿದೆ.

"ಹಂಗಾರ ಕೂತಾನ. ನಿನಗ ಕಾಣವಲ್ಲ ಅಷ್ಟ."

ಹೇಳುತ್ತಲೇ ಸೆರಗಿನ ಗಂಟು ಬಿಚ್ಚಿ ಕುಂಕುಮ ತೆಗೆದಳು. ನಾನು ಕೈ ಹಿಡಿದೆ. ಕಲ್ಲು ಹಾಳಾಗುತ್ತದೆ, ಮುಟ್ಟಬಾರದು ಅಂದೆ. ಅವಳು ವಾದ ಮಾಡಲಿಲ್ಲ, ಚಪ್ಪಲಿ ಬಿಟ್ಟು ದೂರದಿಂದಲೇ ಕೈಮುಗಿದಳು. ನಾನು ದೇವರನ್ನು ಅಷ್ಟಾಗಿ ನಂಬುವವನಲ್ಲ. ಗುಡಿಯಲ್ಲಿ ಸುಮ್ನೆ ಅವ್ವನ ಹಿಂದೆ ನಿಂತಿದ್ದೆ. ಇಲ್ಲಿ ಮಾತ್ರ ನನಗೂ ಕೈಮುಗಿಯಬೇಕು ಅನ್ನಿಸಿತು. ಯಾರಿಗೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಇಷ್ಟು ಮಾತ್ರ ಹೊಳೆಯಿತು: ಅಷ್ಟು ವರ್ಷ ಜನರ ಹಣೆ ಮುಟ್ಟಿದ್ದು ಗುಡಿಯ ಕಲ್ಲನ್ನು. ಇಲ್ಲಿನವು ಮಣ್ಣಿನಡಿ ಒಂಟಿಯಾಗಿದ್ದವು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಇದೇ ಮಾತು. ಕಲ್ಲು ಉಳಿಯಬೇಕು ಅನ್ನುವುದನ್ನು ಅವ್ವ ಒಪ್ಪಿದಳು. "ಒಂದು ಹೂವಿಟ್ರ ಏನಾಗ್ತಿತ್ತು?" ಅನ್ನುವುದನ್ನು ಮಾತ್ರ ವಾಡಿ ದಾಟಿದರೂ ಬಿಡಲಿಲ್ಲ.