ತೀರಿಕೊಂಡವರಿಗಾಗಿ ನವೆಂಬರ್ 8ರೊಳಗೆ ಏನೇನು ಮಾಡಬಹುದು

2025 ನವೆಂಬರ್ 2, ಭಾನುವಾರ

ತೀರಿಕೊಂಡ ಎಲ್ಲರಿಗಾಗಿ ಪ್ರಾರ್ಥಿಸುವ ಸಕಲ ಆತ್ಮಗಳ ದಿನ (ನವೆಂಬರ್ 2) 2025ರಲ್ಲಿ ಭಾನುವಾರವೇ ಬಂದಿತ್ತು. ಹಾಗೆ ಬಂದಾಗ ಕಥೋಲಿಕ ಚರ್ಚುಗಳಲ್ಲಿ ಮಾಮೂಲಿ ಭಾನುವಾರದ ಪೂಜೆಯ ಬದಲು ಮೃತರ ಪೂಜೆಯನ್ನೇ ಅರ್ಪಿಸುತ್ತಾರೆ. ಭಾನುವಾರವಾದರೂ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ. ಸಮಾಧಿಗಳ ಮೇಲೆ ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚಿ, ಗುರುಗಳು ಪವಿತ್ರ ಜಲ ಚಿಮುಕಿಸಿ ಮುಂದೆ ಹೋದ ಮೇಲೆ ಮನೆಯವರಲ್ಲಿ ಉಳಿಯುವ ಪ್ರಶ್ನೆ ಒಂದೇ: "ಅಪ್ಪ ಈಗ ಎಲ್ಲಿದ್ದಾರೆ?"

ಇದಕ್ಕೆ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಉತ್ತರ ಕೊಡುವುದಿಲ್ಲ. ಸಂತ ಪದವಿಗೆ ಏರಿಸಿದವರು ಸ್ವರ್ಗದಲ್ಲಿದ್ದಾರೆ ಎಂದು ಸಾರುತ್ತದೆ, ಅಷ್ಟೆ. ಇಂಥವರು ನರಕದಲ್ಲಿದ್ದಾರೆ ಎಂದು ಯಾರ ಹೆಸರು ಹಿಡಿದೂ ಘೋಷಿಸಿಲ್ಲ. ಉಳಿದವರ ವಿಷಯದಲ್ಲಿ ಮೌನ. ಆದರೆ ಬದುಕಿರುವವರು ಅವರಿಗಾಗಿ ಏನು ಮಾಡಬಹುದು ಎಂಬಲ್ಲಿಗೆ ಬಂದರೆ ನಿಯಮಗಳು ಬೆರಳು ಮಡಚಿ ಎಣಿಸುವಷ್ಟು ಸ್ಪಷ್ಟ. ಜನ ಮೊದಲನೆಯದರ ಬಗ್ಗೆ ತಲೆ ಕೆಡಿಸಿಕೊಂಡು ಎರಡನೆಯದನ್ನು ಅರ್ಧಂಬರ್ಧ ಮಾಡಿ ಬರುತ್ತಾರೆ.

ಬೋಧನೆ ಇಷ್ಟು. ಸತ್ತ ಕೂಡಲೇ ಪ್ರತಿಯೊಬ್ಬರಿಗೂ ಅವರವರ ತೀರ್ಪು ಆಗುತ್ತದೆ; ಲೋಕಾಂತ್ಯದಲ್ಲಿ, ದೇಹಗಳ ಪುನರುತ್ಥಾನದ ನಂತರ, ಎಲ್ಲರಿಗೂ ಒಟ್ಟಾಗಿ ಅಂತಿಮ ತೀರ್ಪು. ಶುದ್ಧೀಕರಣ ಸ್ಥಳವೆಂದರೆ ಸ್ವರ್ಗ ನರಕಗಳ ಮಧ್ಯದ ಕಾಯುವ ಕೋಣೆಯಲ್ಲ, ಎರಡನೇ ಅವಕಾಶವೂ ಅಲ್ಲ. ಅಲ್ಲಿರುವವರು ಆಗಲೇ ರಕ್ಷಣೆ ಹೊಂದಿದವರು, ದೇವರ ಮುಂದೆ ನಿಲ್ಲುವ ಮೊದಲು ಶುದ್ಧರಾಗುತ್ತಿರುವವರು. 1563ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಹೇಳಿದ್ದು ಮುಖ್ಯವಾಗಿ ಎರಡೇ ಮಾತು: ಅಂಥದ್ದೊಂದು ಇದೆ, ಅಲ್ಲಿನ ಆತ್ಮಗಳಿಗೆ ನಮ್ಮ ಪ್ರಾರ್ಥನೆ, ಅದರಲ್ಲೂ ಬಲಿಪೂಜೆ, ನೆರವಾಗುತ್ತದೆ. ಬಿಡಿಸಲಾಗದ ಸೂಕ್ಷ್ಮ ಪ್ರಶ್ನೆಗಳನ್ನು ಜನರ ಮುಂದೆ ಬೋಧಿಸಬೇಡಿ ಎಂದೂ ಅದೇ ಸಭೆ ತಾಕೀತು ಮಾಡಿತ್ತು. ಆ ತಾಕೀತನ್ನು ಬೋಧಕರು ಹೆಚ್ಚೇನೂ ಕಿವಿಗೆ ಹಾಕಿಕೊಂಡಂತಿಲ್ಲ.

ಈಗ ಇಂಡಲ್ಜೆನ್ಸ್. ಪಾಪ ಕ್ಷಮೆಯಾದ ಮೇಲೂ ತೀರಬೇಕಾಗಿ ಉಳಿಯುವ ಶಿಕ್ಷೆಯ ಮನ್ನಾ ಅದು. ನವೆಂಬರ್ 1ರಿಂದ 8ರವರೆಗೆ ಯಾವ ದಿನವಾದರೂ ಸಮಾಧಿ ಸ್ಥಳಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ, ಮನಸ್ಸಿನಲ್ಲೇ ಆದರೂ ಸಾಕು, ಪೂರ್ಣ ಇಂಡಲ್ಜೆನ್ಸ್ ಸಿಗುತ್ತದೆ. ಅದು ಸಲ್ಲುವುದು ಮೃತರಿಗೆ ಮಾತ್ರ. ಸಮಾಧಿ ದೂರದೂರಿನಲ್ಲಿದ್ದರೆ ಇನ್ನೊಂದು ದಾರಿಯಿದೆ: 1ರ ಮಧ್ಯಾಹ್ನದಿಂದ 2ರ ಮಧ್ಯರಾತ್ರಿಯೊಳಗೆ ಯಾವುದೇ ಚರ್ಚಿಗೆ ಹೋಗಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನೂ ನಂಬಿಕೆಯ ಸಾರವಾದ ವಿಶ್ವಾಸಸಂಗ್ರಹವನ್ನೂ ಹೇಳುವುದು.

ಎಡವಟ್ಟಾಗುವುದು ಇದರ ಜೊತೆಗಿನ ಷರತ್ತುಗಳಲ್ಲಿ. ಪಾಪನಿವೇದನೆ (ಗುರುಗಳ ಬಳಿ ಪಾಪ ಹೇಳಿಕೊಳ್ಳುವುದು), ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕಾರ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ, ಈ ಮೂರೂ ಬೇಕು. ಪಾಪನಿವೇದನೆ ಅದೇ ದಿನ ಆಗಬೇಕೆಂದಿಲ್ಲ. ಸುಮಾರು 20 ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ, ಒಂದೇ ನಿವೇದನೆ ಎಂಟು ದಿನಕ್ಕೂ ಸಾಲುತ್ತದೆ. ಪರಮಪ್ರಸಾದ ಮತ್ತು ಪೋಪರಿಗಾಗಿ ಪ್ರಾರ್ಥನೆ ಮಾತ್ರ ಪ್ರತಿ ಸಲಕ್ಕೂ ಬೇರೆ ಬೇರೆ. ಆ ಪ್ರಾರ್ಥನೆಗೆ ಒಂದು 'ಪರಲೋಕದಲ್ಲಿರುವ', ಒಂದು 'ನಮೋ ಮರಿಯಾ' ಸಾಕು. ಸಮಾಧಿಯ ಮುಂದೆ ಇಡೀ ಜಪಸರ ಮುಗಿಸಿ ಇದನ್ನೇ ಮರೆತು ಹೊರಡುವವರು ಇದ್ದಾರೆ. ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಷರತ್ತು: ಸಣ್ಣ ಪಾಪದ ಮೇಲೂ ಮೋಹ ಇರಕೂಡದು. ಅಣ್ಣತಮ್ಮಂದಿರು ಆಸ್ತಿ ಜಗಳದ ಹಗೆಯನ್ನು ಎದೆಯಲ್ಲೇ ಇಟ್ಟುಕೊಂಡು ಅಪ್ಪನ ಸಮಾಧಿಗೆ ಬಂದರೆ ತೊಡಕು ಇಲ್ಲೇ. ಷರತ್ತು ತಪ್ಪಿದರೆ ಎಲ್ಲ ವ್ಯರ್ಥವಲ್ಲ, ಪೂರ್ಣದ ಬದಲು ಭಾಗಶಃ ಸಿಗುತ್ತದೆ. ದಿನಕ್ಕೆ ಒಂದೇ, ಅಪ್ಪನಿಗೊಂದು ಅಮ್ಮನಿಗೊಂದು ಬೇಕೆಂದರೆ ಎರಡು ದಿನ. ಬದುಕಿರುವ ಇನ್ನೊಬ್ಬರ ಹೆಸರಿಗೆ ಮಾಡುವಂತಿಲ್ಲ.

ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಇಂಡಲ್ಜೆನ್ಸಿನ ಅಳತೆಯಾಗಿ '300 ದಿನ', '7 ವರ್ಷ' ಎಂದು ಅಚ್ಚಾಗಿರುವುದನ್ನು ಕೂಡಿಸಿ ಲೆಕ್ಕ ಹಾಕಬೇಡಿ. 1967ರಲ್ಲಿ ಆರನೇ ಪೌಲ್ ಪೋಪರು ಆ ಎಣಿಕೆಯನ್ನೇ ತೆಗೆದುಹಾಕಿದರು. ಹಣಕ್ಕೆ ಇಂಡಲ್ಜೆನ್ಸ್ ಕೊಡುವ ಪದ್ಧತಿ ಅದಕ್ಕೂ 400 ವರ್ಷ ಮೊದಲೇ, 1567ರಲ್ಲಿ, ರದ್ದಾಗಿತ್ತು.

ಇನ್ನು ಪೂಜೆ ಬರೆಸುವ, ಅಂದರೆ ಮೃತರ ಹೆಸರಿನಲ್ಲಿ ಪೂಜೆ ಅರ್ಪಿಸಲು ಕೇಳಿಕೊಳ್ಳುವ ವಿಷಯ. ಧರ್ಮಕೇಂದ್ರದ ಆಫೀಸಿನಲ್ಲಿ ಇದಕ್ಕೆಂದೇ ಒಂದು ಪುಸ್ತಕ ಇಡಬೇಕು ಎಂಬುದು ಧರ್ಮಸಭೆಯ ಕಾನೂನು. ಎಷ್ಟು ಪೂಜೆ, ಯಾರಿಗಾಗಿ, ಕಾಣಿಕೆ ಎಷ್ಟು, ಪೂಜೆ ಆಯಿತೇ ಇಲ್ಲವೇ, ಇಷ್ಟೂ ಅದರಲ್ಲಿರಬೇಕು. 'ಅಜ್ಜಿಗೆ' ಎಂದಷ್ಟೇ ಚೀಟಿ ಕೊಟ್ಟರೆ ದೇವರಿಗೆ ಗೊತ್ತಾಗುತ್ತದೆ, ಬರೆದುಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಪೂರ್ತಿ ಹೆಸರು, ಬೇಕಾದ ದಿನಾಂಕ ಕೊಡಿ. ಕಾಣಿಕೆ ಕೊಡಲಾಗದ ಬಡವರಿಗೂ ಪೂಜೆ ಅರ್ಪಿಸಬೇಕೆಂದು ಗುರುಗಳಿಗೆ ಅದೇ ಕಾನೂನು ಒತ್ತಿ ಹೇಳುತ್ತದೆ. ಸಕಲ ಆತ್ಮಗಳ ದಿನ ಗುರುಗಳು ಮೂರು ಪೂಜೆ ಅರ್ಪಿಸಬಹುದು, ಇದು 1915ರಿಂದ ಇರುವ ಅನುಮತಿ. ಅವುಗಳಲ್ಲಿ ಒಂದನ್ನು ಮಾತ್ರ ಕೇಳಿದವರ ಉದ್ದೇಶಕ್ಕೆ ಕೊಟ್ಟು ಕಾಣಿಕೆ ಪಡೆಯಬಹುದು. ಇನ್ನೊಂದು ಸಕಲ ಮೃತರಿಗೆ, ಮತ್ತೊಂದು ಪೋಪರ ಉದ್ದೇಶಕ್ಕೆ. ಗ್ರೆಗೋರಿಯನ್ ಪೂಜೆ ಬೇರೆ: ಒಬ್ಬರೇ ಮೃತರಿಗಾಗಿ ಎಡೆಬಿಡದೆ 30 ದಿನ, 30 ಪೂಜೆ. ಗುರುಗಳು ಬದಲಾದರೂ ಅಡ್ಡಿಯಿಲ್ಲ. ಬೇರೆ ಪೂಜೆಗಳೂ ಬರೆಸಿರುವ ಊರ ಚರ್ಚಿನಲ್ಲಿ ಇದನ್ನು ಹೊಂದಿಸುವುದು ಕಷ್ಟ. ಹಲವು ಗುರುಗಳಿರುವ ಮಠಗಳಲ್ಲಿ ವಿಚಾರಿಸುವುದು ಮೇಲು.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆ) ಕುಟುಂಬಗಳಲ್ಲಿ ಈ ಯಾವುದೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಂದದ್ದು ಪ್ರೊಟೆಸ್ಟೆಂಟ್ ನಂಬಿಕೆ: ರಕ್ಷಣೆ ಕ್ರಿಸ್ತನಲ್ಲಿಟ್ಟ ವಿಶ್ವಾಸದಿಂದ, ಸತ್ತ ಮೇಲೆ ನಮ್ಮ ಪ್ರಾರ್ಥನೆ ಅದನ್ನು ಬದಲಿಸುವುದಿಲ್ಲ. ಮೃತರಿಗಾಗಿ ಬಲಿ ಅರ್ಪಿಸಲು ಯೆಹೂದ್ಯರ ಸೇನಾನಾಯಕ ಯೂದ ಮಕ್ಕಬಿಯನು ಸುಮಾರು 2000 ಬೆಳ್ಳಿ ನಾಣ್ಯ ಕಳಿಸಿದ ಪ್ರಸಂಗ ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯದಲ್ಲಿದೆ; ಅವರ 66 ಪುಸ್ತಕಗಳ ಬೈಬಲ್‌ನಲ್ಲಿ ಆ ಪುಸ್ತಕವೇ ಇಲ್ಲ. ಆದ್ದರಿಂದ ಅವರು ತೀರಿಕೊಂಡವರ ಬದುಕಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ, ಉಳಿದವರ ಸಮಾಧಾನಕ್ಕೆ ಬೇಡುತ್ತಾರೆ. ಮದುವೆಯಿಂದ ಎರಡೂ ಕಡೆ ಸೇರಿದ ಮನೆಗಳಲ್ಲಿ ಕಥೋಲಿಕ ಹೆಂಡತಿ ಸಿಎಸ್‌ಐ ಗಂಡನಿಗಾಗಿ ಪೂಜೆ ಬರೆಸಬಹುದೇ? ಬರೆಸಬಹುದು. ಬದುಕಿರುವವರಾಗಲಿ ಸತ್ತವರಾಗಲಿ, ಯಾರಿಗಾಗಿಯಾದರೂ ಪೂಜೆ ಅರ್ಪಿಸುವ ಸ್ವಾತಂತ್ರ್ಯ ಗುರುಗಳಿಗಿದೆ.

ಸ್ವರ್ಗದಲ್ಲಿ ಗಂಡ ಹೆಂಡತಿ ಮತ್ತೆ ಸೇರುತ್ತಾರೆಯೇ ಎಂದರೆ, ಪುನರುತ್ಥಾನದಲ್ಲಿ ಮದುವೆಯಿಲ್ಲ ಎಂದು ಯೇಸು ಹೇಳಿದ ಮಾತು ಮತ್ತಾಯನ ಸುವಾರ್ತೆಯ 22ನೇ ಅಧ್ಯಾಯದಲ್ಲಿದೆ. ಮದುವೆ ಇಲ್ಲ ಎಂದರೆ ಗುರುತು ಪರಿಚಯ ಇಲ್ಲ ಎಂದಲ್ಲ.

ಆತ್ಮಹತ್ಯೆ ಮಾಡಿಕೊಂಡವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಬೇಕೆಂದೇ ಜೀವ ಕಳೆದುಕೊಂಡವರಿಗೆ ಚರ್ಚಿನ ಶವಸಂಸ್ಕಾರ ನಿರಾಕರಿಸುತ್ತಿದ್ದ 1917ರ ನಿಯಮ 1983ರ ಕಾನೂನು ಸಂಹಿತೆಯಲ್ಲಿ ಇಲ್ಲ. ಹಿರಿಯರು ಇನ್ನೂ ಹಳೆಯದನ್ನೇ ಹೇಳಿ ಹೆದರಿಸುತ್ತಾರೆ. ಅಂಥವರು ಪಶ್ಚಾತ್ತಾಪಪಡಲು ದೇವರೇ ಬಲ್ಲ ದಾರಿಗಳಿರಬಹುದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂಬುದು ಈಗಿನ ಕಥೋಲಿಕ ಧರ್ಮೋಪದೇಶ ಗ್ರಂಥದ 2283ನೇ ಪರಿಚ್ಛೇದ. ಅವರ ಹೆಸರನ್ನೂ ಪೂಜೆಗೆ ಬರೆಸಿ, ಅವರ ಸಮಾಧಿಗೂ 8ರೊಳಗೆ ಹೋಗಿ ಬನ್ನಿ. ಮೇಲೆ ಹೇಳಿದ ಷರತ್ತುಗಳೇ ಅಲ್ಲಿಗೂ.