ಅಂಗಡಿಯಲ್ಲೇ ಸಿಗುತ್ತಲ್ಲ ಅನ್ನುವವರಿಗೆ

"ಈ ಎಲೆಕ್ಟ್ರಿಕ್ ಗಿಟಾರ್ ನೀವೇ ಮಾಡಿದ್ದಾ? ಎಷ್ಟಾಯ್ತು? ಅಷ್ಟಕ್ಕೆ ಅಂಗಡಿಯಲ್ಲೇ ಹೊಸದು ಬರ್ತಿತ್ತಲ್ಲ!"

ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಮೊದಲನೆಯದಕ್ಕೆ ಹೌದು ಅನ್ನುವಷ್ಟರಲ್ಲಿ ಮೂರನೆಯದು ಮುಗಿದಿರುತ್ತದೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

11,600 ರೂಪಾಯಿ ಆಯಿತು. ನೆಕ್, ಅಂದರೆ ಎಡಗೈ ಓಡಾಡುವ ಉದ್ದನೆಯ ಕತ್ತು, 4,800. ನಾದ ಹಿಡಿಯುವ ಎರಡು ಪಿಕಪ್ 2,200, ಮೈಮೇಲೆ ತಂತಿ ಕೂರುವ ಬ್ರಿಡ್ಜ್ 1,300, ಬಿರಡೆಗಳು 1,100, ಹಲಸಿನ ಹಲಗೆ 1,200. ಸ್ವಿಚ್ಚು, ವಯರು, ಜ್ಯಾಕ್ ಎಲ್ಲ ಸೇರಿ 500. ಉಪ್ಪುಕಾಗದ ಮತ್ತು ಅರಗಿನ ಪಾಲಿಶ್‌ಗೆ ಇನ್ನೊಂದು 500. ಹೌದು, ಆ ದುಡ್ಡಿಗೆ ಅಂಗಡಿಯಲ್ಲಿ ಗಿಟಾರ್ ಸಿಗುತ್ತದೆ. ನನಗೂ ಗೊತ್ತು. ನಾನು ಉಳಿಸೋಕೆ ಅಂತ ಮಾಡಲಿಲ್ಲ. ನನ್ನ ಹತ್ತಿರ ಇದ್ದದ್ದೇ ಅಷ್ಟು, ಅಷ್ಟರಲ್ಲೇ ನನ್ನ ಕೈಗೆ ಒಪ್ಪುವ ಗಿಟಾರ್ ಬೇಕಿತ್ತು.

ಒಮ್ಮೆ ಒಂದು ನಾಮಕರಣಕ್ಕೆ ಹೋಗಿದ್ದೆ. ಯಾರೋ ಹೇಳಿದರು ಅಂತ ಗಿಟಾರೂ ತಂದಿದ್ದೆ. ಊಟ ಆದ ಮೇಲೆ ನೆಂಟರೊಬ್ಬರು ಬೆಲೆ ಕೇಳಿದರು. ಹೇಳಿದೆ. ಕೂಡಲೇ ಫೋನ್ ತೆಗೆದು ಹುಡುಕಿ, "ನೋಡಿ, 9,999. ಬ್ಯಾಗೂ ಫ್ರೀ" ಅಂತ ಪಕ್ಕದವರಿಗೆಲ್ಲ ತೋರಿಸಿದರು. ಫೋನು ಕೈಯಿಂದ ಕೈಗೆ ದಾಟಿತು. ಗಿಟಾರ್ ನನ್ನ ತೊಡೆಯ ಮೇಲೇ ಇತ್ತು. ಒಂದು ಸಲ ನುಡಿಸಿ ಅಂತ ಯಾರೂ ಅನ್ನಲಿಲ್ಲ. ಬೇಜಾರಾಗಿದ್ದು ಅದಕ್ಕೆ.

ಸರಿಯಾದ ಪ್ರಶ್ನೆಯನ್ನು ಕೇಳಿದವರು ಒಬ್ಬರೇ, ನಮ್ಮ ಬೀದಿಯ ಬಡಗಿ. ಹಲಗೆ ಹತ್ತರಿ ಹೊಡೆಯೋಕೆ ಕೊಟ್ಟಾಗ ಅವರು ಕೇಳಿದ್ದು ಬೆಲೆಯಲ್ಲ. "ಬಾಗಿಲಾದರೆ ಭಾರ ಎಲ್ಲ ಹಿಂಜಿನ ಮೇಲೆ. ಇದರಲ್ಲಿ ಎಳೆತ ಎಲ್ಲಿ ಬೀಳುತ್ತೆ?"

ಇದನ್ನು ಕೇಳಿ ನನ್ನನ್ನ. ಒಂದು ಗಂಟೆ ಹೇಳುತ್ತೇನೆ.

ಆರು ತಂತಿ ಶ್ರುತಿಗೆ ಬಂದಾಗ ಎಲ್ಲ ಸೇರಿ ಸುಮಾರು 45 ಕೆಜಿ ಎಳೆಯುತ್ತವೆ. ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲ. ಅದನ್ನು ತಡೆಯಬೇಕಾದದ್ದು ಆ ತೆಳ್ಳನೆಯ ನೆಕ್. ಬಾಗದಿರಲಿ ಅಂತ ಅದರೊಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇರುತ್ತದೆ. ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಗಿಟಾರ್ ಮಾಡಲು ಶುರುಮಾಡಿದಾಗಲೂ ಇದೇ ಎಳೆತದ ಜೊತೆ ಗುದ್ದಾಡಿದ್ದರು. ನೆಕ್ಕಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ತಂತಿಗಳ ಎಳೆತಕ್ಕೆ ಎದುರಾಗಿ ನಿಲ್ಲಿಸಿದ್ದು ಹಳೆಯ ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು.

ನನ್ನ ದುಡ್ಡು ಎಳೆತ ಇರುವ ಕಡೆಗೇ ಹೋಯಿತು. ಫ್ರೆಟ್, ಅಂದರೆ ನೆಕ್ಕಿನ ಮೇಲೆ ಅಡ್ಡ ಕೂರುವ ಲೋಹದ ಪಟ್ಟಿಗಳ ಲೆಕ್ಕ ಕಷ್ಟ ಏನಲ್ಲ. ತಂತಿಯ ಉದ್ದ 648 ಮಿ.ಮೀ., ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.4 ಮಿ.ಮೀ. ದೂರದಲ್ಲಿ. ಉಳಿದದ್ದನ್ನು ಮತ್ತೆ ಭಾಗಿಸುತ್ತಾ ಹೋಗಬೇಕು. ಆದರೆ ಮೇಲಿನ ಫ್ರೆಟ್‌ಗಳಲ್ಲಿ ಒಂದು ಮಿಲಿಮೀಟರ್ ಜರುಗಿದರೂ ಅಪಸ್ವರ. ಅದಕ್ಕೇ ನೆಕ್ ರೆಡಿ ಇರುವುದನ್ನೇ ಕೊಂಡೆ. ಇಷ್ಟೇ ದುಡ್ಡಿದ್ದರೆ ನೀವೂ ಅಲ್ಲಿ ಜಿಪುಣತನ ಮಾಡಬೇಡಿ.

ಮೈಗೆ ಒಣಗಿದ ಗಟ್ಟಿ ಮರ ಸಾಕು. ನಾದ ಹಿಡಿಯುವುದು ಪಿಕಪ್ಪು, ಅಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ತಂಜಾವೂರಿನಲ್ಲಿ ವೀಣೆಯನ್ನೇ ಹಲಸಿನಲ್ಲಿ ಮಾಡುತ್ತಾರೆ, ನನ್ನ ಗಿಟಾರಿಗೆ ಯಾಕೆ ಬೇಡ? ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಹಲಗೆ ಸಿಕ್ಕಿತು. ವಾಲ್ಯೂಮಿಗೂ ಟೋನಿಗೂ ತಿರುಗಿಸಿ ಹೆಚ್ಚುಕಡಿಮೆ ಮಾಡುವ 250 ಕಿಲೋ ಓಮ್ ಪಾಟ್‌ಗಳು ಅಲ್ಲಿನ ಎಸ್.ಪಿ. ರೋಡಿನಲ್ಲಿ.

ನಾನು ಎಡವಿದ್ದು ನೆಕ್ ಕೂರುವ ಗುಂಡಿಯಲ್ಲಿ. 56 ಮಿ.ಮೀ. ಅಗಲ ಬೇಕಿತ್ತು, 57 ಆಯಿತು. ತಂತಿ ಹಾಕಿ ಶ್ರುತಿ ಮಾಡುವಾಗ ನೆಕ್ ಕೂದಲೆಳೆಯಷ್ಟು ಓರೆಯಾಯಿತು. ಸಣ್ಣ ತಂತಿ ಫ್ರೆಟ್ಟಿನ ಅಂಚಿನಿಂದ ಜಾರತೊಡಗಿತು. ನಾಲ್ಕು ಸ್ಕ್ರೂ ಎಷ್ಟು ಬಿಗಿ ಮಾಡಿದರೂ ನಿಲ್ಲಲಿಲ್ಲ. ಎರಡು ದಿನ ಅದನ್ನು ಮುಟ್ಟಲಿಲ್ಲ.

ಮತ್ತೆ ಬಡಗಿಯ ಹತ್ತಿರ ಹೋದೆ. ಅವರು ಅದೇ ಹಲಗೆಯ ತುಂಡಿನಿಂದ ಕಾಗದದಂಥ ಸಿಪ್ಪೆ ತೆಗೆದು ಗುಂಡಿಯ ಗೋಡೆಗೆ ಅಂಟಿಸಿದರು. ಮಾರನೇ ದಿನ ಉಜ್ಜಿದರು, ನೆಕ್ ಇಟ್ಟು ನೋಡಿದರು, ಮತ್ತೆ ಉಜ್ಜಿದರು. ಕೊನೆಗೆ ಅಂಗೈಯಿಂದ ಒತ್ತಿ ಕೂರಿಸಿ, ನೆಕ್ ಮಾತ್ರ ಹಿಡಿದು ಮೇಲೆತ್ತಿದರು. ಒಂದೂ ಸ್ಕ್ರೂ ಇಲ್ಲದೆ ಇಡೀ ಗಿಟಾರ್ ಅದರ ಜೊತೆಗೇ ಎದ್ದು ಬಂತು.

"ಈಗ ಹಾಕಿ ತಂತಿ" ಅಂದರು.