ದೇವರು ಹೇಳದಿದ್ದರೂ ಆ ಮಾತಿಗೆ ಬೆಲೆ ಇದೆಯಾ?

ನಾನು ದೇವರನ್ನು ನಂಬುವವನಲ್ಲ. ಆದರೂ ಮಾತಿನ ನಡುವೆ ಬೈಬಲ್ಲಿನ ಕತೆ ಹೇಳುವ ಚಟ ಇದೆ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ಯೇಸು ದೇವರ ಮಗ ಅಂತ ನೀವು ಒಪ್ಪಲ್ಲ. ಮತ್ತೆ ಅವನ ನೀತಿ ಮಾತ್ರ ಯಾಕೆ ಬೇಕು?" ನಂಬುವವರೂ ಕೇಳುತ್ತಾರೆ, ನಂಬದವರೂ ಕೇಳುತ್ತಾರೆ. ನಂಬದವರ ದನಿಯಲ್ಲಿ ವ್ಯಂಗ್ಯ ಸ್ವಲ್ಪ ಜಾಸ್ತಿ.

ಪ್ರಶ್ನೆ ಹಳೆಯದೇ. 1820ರ ಹೊತ್ತಿಗೆ ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳನ್ನು ಕತ್ತರಿಸಿ, ತಮಗೆ ಬೇಕಾದ್ದನ್ನಷ್ಟೇ ಬೇರೆ ಹಾಳೆಗೆ ಅಂಟಿಸಿಕೊಂಡರು. ಅದರಲ್ಲಿ ಯೇಸು ಸತ್ತು ಎದ್ದು ಬರುವುದಿಲ್ಲ. ಸಮಾಧಿಯ ಬಾಗಿಲಿಗೆ ಕಲ್ಲು ಉರುಳಿಸಿದಲ್ಲಿಗೆ ಪುಸ್ತಕ ಮುಗಿಯುತ್ತದೆ. ಅದೇ ವರ್ಷ ಕಲ್ಕತ್ತದಲ್ಲಿ ರಾಜಾ ರಾಮಮೋಹನ ರಾಯ್ ಯೇಸುವಿನ ನೀತಿಬೋಧೆಯನ್ನಷ್ಟೇ ಆರಿಸಿ ಅಚ್ಚು ಹಾಕಿಸಿದರು. ಮಿಷನರಿ ಜೋಶುವಾ ಮಾರ್ಷ್‌ಮನ್‌ಗೆ ಇದು ಹಿಡಿಸಲಿಲ್ಲ. ದೇವರ ಮಗ ಅನ್ನೋದನ್ನು ಬಿಟ್ಟು ಬರೀ ನೀತಿ ಇಟ್ಟುಕೊಂಡರೆ ಏನು ಬಂತು ಅನ್ನುವುದು ಅವರ ತಕರಾರು.

ಮೊದಲು ನಾನು ಪೂರ್ತಿ ರಾಯ್ ಅವರ ಕಡೆ ಇದ್ದೆ. ಈಗ ಅರ್ಧ.

ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕತೆ ನೋಡಿ. ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಹಾಕಿದ್ದಾರೆ. ಯಾಜಕ, ಅಂದರೆ ದೇವಾಲಯದ ಪೂಜಾರಿ, ಬರುತ್ತಾನೆ, ಪಕ್ಕದಿಂದ ಹೋಗಿಬಿಡುತ್ತಾನೆ. ದೇವಾಲಯದ ಸೇವೆಯ ಲೇವಿಯನೂ ಅಷ್ಟೇ. ನಿಲ್ಲುವವನು ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ಯುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅನ್ನುತ್ತಾನೆ. ದಿನಾರಿ ಅಂದರೆ ಕೂಲಿಯವನ ಒಂದು ದಿನದ ಕೂಲಿ. ಎರಡು ದಿನದ ಕೂಲಿ ಕೈಯಲ್ಲಿ, ಉಳಿದದ್ದು ಸಾಲದ ಲೆಕ್ಕದಲ್ಲಿ. ಗುರುತು ಪರಿಚಯ ಇಲ್ಲದವನಿಗಾಗಿ! ನನಗೆ ಕತೆಯಲ್ಲಿ ತುಂಬಾ ಇಷ್ಟವಾಗುವುದು ಆ ಸಾಲವೇ.

ಇಲ್ಲಿ ದೇವರು ಬಂದು ಏನೂ ಮಾಡುವುದಿಲ್ಲ. ದೇವರ ಕೆಲಸದವರೇ ಕಣ್ಣು ತಪ್ಪಿಸಿ ಹೋಗಿದ್ದಾರೆ. ಈ ಕತೆಯನ್ನು ಯಾರು ಹೇಳಿದ್ದರೂ ನಿಲ್ಲುತ್ತಿತ್ತು.

ಇನ್ನೊಂದು ಕತೆ ಹಾಗಲ್ಲ. ಒಬ್ಬ ಆಳು ರಾಜನಿಗೆ 10,000 ತಲಾಂತು ಸಾಲ ಕೊಡಬೇಕು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಲೆಕ್ಕ ಹಾಕಿ, ಆರು ಕೋಟಿ ದಿನದ ಕೂಲಿ! ರಾಜ ಅಷ್ಟನ್ನೂ ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆಳು, ತನಗೆ 100 ದಿನಾರಿ ಕೊಡಬೇಕಾದ ಜೊತೆಗಾರನ ಕತ್ತು ಹಿಡಿಯುತ್ತಾನೆ. ರಾಜ ಅಂದರೆ ದೇವರು. ನಿನಗೆ ಇಷ್ಟು ಕ್ಷಮೆ ಸಿಕ್ಕಿದೆ, ನೀನೂ ಕ್ಷಮಿಸು ಅಂತ. ರಾಜನನ್ನು ಕತ್ತರಿಸಿ ತೆಗೆದರೆ ಉಳಿಯುವುದು ಬರೀ "ಕ್ಷಮಿಸು". ಯಾಕೆ ಕ್ಷಮಿಸಬೇಕು ಅಂತ ಕೇಳಿದರೆ ಉತ್ತರ ಇಲ್ಲ. ಇಲ್ಲಿ ಮಾರ್ಷ್‌ಮನ್ ಮಾತಿಗೆ ತೂಕ ಇದೆ. ದೇವರು ಸತ್ತ ಎಂದು ಬರೆದ ಜರ್ಮನ್ ತತ್ವಜ್ಞಾನಿ ನೀಚೆ ಕೂಡ, ಕ್ರೈಸ್ತ ನಂಬಿಕೆ ಬಿಟ್ಟವರಿಗೆ ಕ್ರೈಸ್ತ ನೀತಿಯ ಮೇಲೆ ಹಕ್ಕಿಲ್ಲ ಅಂದಿದ್ದರು. ಮಿಷನರಿಯೂ ನೀಚೆಯೂ ಒಂದೇ ಕಡೆ, ಮಜಾ ಅಲ್ವಾ?

ಆದರೂ ಆ ಕತೆ ನನ್ನನ್ನು ಬಿಡುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಿಂಗಳ ಲೆಕ್ಕವನ್ನೆಲ್ಲ ತಪ್ಪು ಬರೆದಿದ್ದೆ. ಹಿರಿಯರೊಬ್ಬರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ರಾತ್ರಿಯಿಡೀ ತಿದ್ದಿಸಿದರು. ಆಮೇಲೆ ಯಾರ ಹತ್ತಿರವೂ ಆಡಲಿಲ್ಲ. ನನ್ನ ಕೈಕೆಳಗೆ ಬಂದ ಹುಡುಗ ಅಂಥದ್ದೇ ತಪ್ಪು ಮಾಡಿದಾಗ ರಾಜನ ಜಾಗದಲ್ಲಿ ನನಗೆ ಕಂಡದ್ದು ಅವರು. ನಾನೂ ಸುಮ್ನೆ ಕುರ್ಚಿ ಎಳೆದುಕೊಂಡೆ.

ಆದರೆ ನನ್ನ ಸಾಲ ಒಂದು ರಾತ್ರಿಯದು, ಆರು ಕೋಟಿ ದಿನದ್ದಲ್ಲ. ಏಳೆಪ್ಪತ್ತು ಸಲ, ಅಂದರೆ ಲೆಕ್ಕವಿಲ್ಲದಷ್ಟು ಸಲ, ಕ್ಷಮಿಸು ಅಂತ ಯೇಸು ಹೇಳಿದ್ದು. ಆ ಹುಡುಗನಿಗೆ ಮೂರನೇ ಸಲಕ್ಕೇ ಬೈದುಬಿಟ್ಟೆ.